ಕೆಂಪು ದೀಪದ ಸಾಕ್ಷಿ

ಮಾರ್ಚ್ 3, ಸೋಮವಾರ

ಇವತ್ತೂ ಕಾರು ಏಳಲಿಲ್ಲ. ಕೀಲಿ ತಿರುಗಿಸಿದರೆ ಹಲ್ಲಿ ಲೊಚಗುಟ್ಟಿದ ಹಾಗೆ ನಾಲ್ಕು ಸದ್ದು, ಆಮೇಲೆ ಅದೂ ಇಲ್ಲ. ಹತ್ತು ದಿನದಲ್ಲಿ ಇದು ಮೂರನೆಯ ಸಲ. ಬ್ಯಾಟರಿ ಹೊಸದು, ಹಾಕಿಸಿ ನಾಲ್ಕು ತಿಂಗಳೂ ಆಗಿಲ್ಲ. ಬ್ಯಾಟರಿಗೆ ಕರೆಂಟು ತುಂಬುವುದು ಆಲ್ಟರ್ನೇಟರ್. ಅದು ಕೆಟ್ಟರೆ ಮೀಟರಿನ ಪಕ್ಕದ ಕೆಂಪು ದೀಪ ಉರಿಯಬೇಕು. ನಾನು ಓಡಿಸುವಾಗ ಆ ದೀಪ ಉರಿದದ್ದೇ ಇಲ್ಲ. ಅಂದಮೇಲೆ ಆಲ್ಟರ್ನೇಟರೂ ಸರಿಯಿದೆ. ದೀಪ ಮಂಕಾಗಿರಬಹುದು ಎನ್ನುವಂತೆಯೂ ಇಲ್ಲ. ಕಳೆದ ತಿಂಗಳು ಡ್ಯಾಶ್‌ಬೋರ್ಡಿನ ಬಲ್ಬುಗಳೆಲ್ಲ ಮಬ್ಬಾಗಿ ಮೀಟರೇ ಓದಲಾಗದಂತಾಗಿತ್ತು. ಅಷ್ಟನ್ನೂ ಕಿತ್ತು, ಈಗ ಬರುವ ಬೆಳ್ಳನೆಯ ಎಲ್ಇಡಿ ಬಲ್ಬುಗಳನ್ನು ನಾನೇ ಕೂಡಿಸಿದ್ದೇನೆ.

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿದ್ದೆ. ತಕ್ಕಡಿಯ ತಟ್ಟೆಯಡಿ ಅಯಸ್ಕಾಂತ ಅಂಟಿಸಿದವರನ್ನು, ತೂಕದ ಬಟ್ಟನ್ನು ಕೊರೆದು ಹಗುರ ಮಾಡಿದವರನ್ನು ದಿನಾ ಕಂಡವನು. ನಾನು ಕಲಿತದ್ದು ಒಂದೇ: ವಸ್ತು ತಾನಾಗಿ ಕೆಡುವುದಿಲ್ಲ, ಯಾರೋ ಕೆಡಿಸುತ್ತಾರೆ.

ಬೆಳಿಗ್ಗೆ ತಿಂಡಿಗೆ ಕೂತಾಗ ಭಾಮೈದ ಮೆಲ್ಲಗೆ, ಸಾಕು ಭಾವ, ಹದಿನೆಂಟು ವರ್ಷ ಆಯ್ತಲ್ಲ, ಮಾರಿಬಿಡಿ ಎಂದ. ಇವನು ಕೆಲಸದ ವರ್ಗಾವಣೆಯ ನೆಪದಲ್ಲಿ ಎರಡು ತಿಂಗಳ ಹಿಂದೆ ಬಂದು ನಮ್ಮ ಮುಂದಿನ ಕೋಣೆ ಹಿಡಿದಿದ್ದಾನೆ. ಇವಳು ತಮ್ಮನನ್ನು ಗದರಲಿಲ್ಲ, ತಟ್ಟೆ ನೋಡುತ್ತ ಕೂತಳು. ಅದೇ ನನಗೆ ಚುಚ್ಚಿತು. ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಮಾರುತ್ತೇನೆ, ಸರಿಹೋದರೆ ಈ ಮಾತು ಮತ್ತೆ ಎತ್ತಕೂಡದು ಎಂದುಬಿಟ್ಟೆ. ಕಾರಿಲ್ಲದಿದ್ದರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ?

ಮೀಟರ್: 1,18,402.

ಮಾರ್ಚ್ 4, ಮಂಗಳವಾರ

ಬ್ಯಾಟರಿ ಕಳಚಿಕೊಂಡು ಡೈನಮೋ ಅಂಗಡಿಗೆ ಹೋದೆ. ಅವನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಗಾಡಿಗಳ ಕರೆಂಟು ಕೆಲಸ ಮಾಡುವವನು, ಅಪ್ಪನ ಕಾಲದಿಂದ ಇವರಿಗೆ ಅದೇ ಅಡ್ಡಹೆಸರು. ಅಂಗಡಿಯ ಗೋಡೆಗೆ ತಂತಿಯ ಸುರುಳಿಗಳು, ನೆಲದ ಮೇಲೆ ಸತ್ತ ಬ್ಯಾಟರಿಗಳ ಸಾಲು. ಅಷ್ಟು ಬ್ಯಾಟರಿ ಒಟ್ಟಿಗೆ ಇರುವ ಕಡೆ ಒಂದು ಅದಲುಬದಲಾಗಲು ಎಷ್ಟು ಹೊತ್ತು? ಅದಕ್ಕೇ ಹೊರಡುವ ಮೊದಲು ಬ್ಯಾಟರಿಯ ತಳಕ್ಕೆ ಉಳಿಯಿಂದ ಮೂರು ಚುಕ್ಕಿ ಕುಟ್ಟಿದ್ದೆ.

ಕೀಲಿಯನ್ನು ಅರ್ಧ ತಿರುಗಿಸಿದಾಗ, ಎಂಜಿನ್ ಏಳುವುದಕ್ಕೆ ಮುಂಚೆ, ಕೆಂಪು ದೀಪ ಹತ್ತುತ್ತದೆಯೇ ಎಂದು ಡೈನಮೋ ಕೇಳಿದ. ಹತ್ತುತ್ತದೆ, ಎದ್ದಮೇಲೆ ಆರುತ್ತದೆ, ಹದಿನೆಂಟು ವರ್ಷದಿಂದ ಹಾಗೇ ಎಂದೆ. ಹಾಗಾದರೆ ಕಾರನ್ನೇ ತಂದು ಒಂದು ದಿನ ಬಿಟ್ಟು ಹೋಗಿ ಎಂದ. ಬಿಟ್ಟು ಹೋಗುವುದೇ? ಸಂಜೆಗೆ ವಾಪಸು ಬರುವ ಕಾರಿನಲ್ಲಿ ನನ್ನದು ಎನ್ನುವ ಎಷ್ಟು ಸಾಮಾನು ಉಳಿದಿರುತ್ತದೆ ಎಂದು ಯಾರು ಬಲ್ಲರು? ಬೇಲಿಯೇ ಎದ್ದು ಹೊಲ ಮೇಯುವ ಕಾಲ. ಬೇಕಾದ್ದನ್ನು ಒಂದೊಂದಾಗಿ ನಾನೇ ಬಿಚ್ಚಿ ತರುತ್ತೇನೆ ಎಂದು ಹೇಳಿ ಬಂದೆ.

ಮಾರ್ಚ್ 6, ಗುರುವಾರ

ಬ್ಯಾಟರಿ ಪಾಸು. ಭಾರ ಹಾಕಿ ನೋಡಿದೆ, ಗಟ್ಟಿಯಾಗಿದೆ ಎನ್ನುತ್ತಾನೆ ಡೈನಮೋ. ತಳ ತಿರುಗಿಸಿ ಬೆರಳಾಡಿಸಿದೆ, ಮೂರು ಚುಕ್ಕಿ ಇವೆ. ಒಳಗಿನ ಆ್ಯಸಿಡ್ ಬದಲಿಸಿದ್ದರೆ ಚುಕ್ಕಿ ಏನು ಮಾಡೀತು?

ಈ ವರ್ಷದ ಡೈರಿಯ ಗೆರೆಗಳನ್ನು ಬಲು ತೆಳುವಾಗಿ ಅಚ್ಚು ಹಾಕಿದ್ದಾರೆ. ಮಸಿಯಲ್ಲೂ ಉಳಿತಾಯ. ಮೊನ್ನೆಯ ಸಾಲಿನ ಮೇಲೇ ಮತ್ತೊಂದು ಸಾಲು ಹತ್ತಿ ಕೂತಿದೆ.

ಮಾರ್ಚ್ 9, ಭಾನುವಾರ

ಎರಡು ದಿನ ಚೆನ್ನಾಗಿ ಓಡಿ ಇವತ್ತು ಮತ್ತೆ ಹೆಣ. ಡೈನಮೋನ ಹತ್ತಿರ ಚಾರ್ಜರ್ ಎರವಲು ತಂದು ಬ್ಯಾಟರಿಗೆ ಹಚ್ಚಿದ್ದೇನೆ.

ನಿನ್ನೆ ಇವಳನ್ನು ಕೂರಿಸಿಕೊಂಡು ಅಂಗಡಿ ಬೀದಿಗೆ ಹೋಗಿದ್ದೆ. ನಾನು ನಲವತ್ತರ ಮೇಲೆ ಓಡಿಸುವವನಲ್ಲ, ಈಗೀಗ ಮೂವತ್ತೇ. ಆದರೂ ಒಬ್ಬ ಸೈಕಲ್ಲಿನವನು ಎಲ್ಲಿಂದಲೋ ಉದುರಿದಂತೆ ಮುಂದೆ ಬಂದು ನಿಂತ. ಬ್ರೇಕು ಒತ್ತಿದೆ. ಕಣ್ಣು ಕಾಣಲ್ವಾ ಎಂದು ನನ್ನನ್ನೇ ಬೈದು ಹೋದ. ಜನ ಹಾಗಾಗಿದ್ದಾರೆ. ಇವಳು ಮನೆ ಬರುವವರೆಗೂ ಬಾಗಿಲ ಹಿಡಿಯನ್ನು ಬಿಡಲಿಲ್ಲ.

ಮೀಟರ್: 1,18,431.

ಮಾರ್ಚ್ 11, ಮಂಗಳವಾರ

ಸಿಕ್ಕಿತು. ನಿನ್ನೆ ನಾನು ಪಿಂಚಣಿದಾರರ ಸಂಘಕ್ಕೆ ಬಸ್ಸಿನಲ್ಲಿ ಹೋಗಿದ್ದೆ, ಕಾರು ಮುಟ್ಟಿಲ್ಲ. ಇವತ್ತು ನನ್ನ ಹಳೆಯ ಭೂತಗನ್ನಡಿ ಹಿಡಿದು ಮೀಟರ್ ಓದಿದರೆ 1,18,445. ಹದಿನಾಲ್ಕು ಕಿಲೋಮೀಟರು ಯಾರ ಅಪ್ಪನ ಮನೆಯದು?

ಕೀಲಿ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿರುತ್ತದೆ. ಮನೆಯಲ್ಲಿರುವವರು ಮೂವರು. ನಾನು ಅಲ್ಲ, ಇವಳಿಗೆ ಓಡಿಸಲು ಬರುವುದಿಲ್ಲ. ಉಳಿದವನು ಯಾರು ಎನ್ನುವುದು ಅಂಗೈ ಹುಣ್ಣು, ಕನ್ನಡಿ ಬೇಡ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿದೆ, ಕುಡಿಯಲಿ. ಇನ್ನೂ ಒಂದೆರಡು ಸಲ ಕುಡಿಯಲಿ.

ಮಾರ್ಚ್ 14, ಶುಕ್ರವಾರ

ನಿನ್ನೆ ಮಧ್ಯಾಹ್ನ ನಾನು ತಂದು ನಿಲ್ಲಿಸಿದಾಗ ಕಾರು ಉಸ್ಸೆನ್ನುತ್ತಿತ್ತು, ಹಾರ್ನ್ ಕೂಡ ಶೀತ ಕಟ್ಟಿದ ಮೂಗಿನಂತೆ ಕೂಗುತ್ತಿತ್ತು. ಊಟ ಮಾಡಿ ಮಲಗಿದೆ. ಇವತ್ತು ಬೆಳಿಗ್ಗೆ ಮುಟ್ಟಿದ ಕೂಡಲೇ ಎದ್ದು ಕೂತಿತು! ಮೀಟರಿನಲ್ಲಿ ಒಂಬತ್ತು ಕಿಲೋಮೀಟರು ಹೆಚ್ಚು.

ಇದನ್ನು ನಾನು ಎರಡು ಸಲ ಬರೆದು ನೋಡಿದೆ. ನಾನು ಓಡಿಸಿದ ಮರುದಿನ ಕಾರು ಸಾಯುತ್ತದೆ, ಕಳ್ಳ ಓಡಿಸಿದ ಮರುದಿನ ಬದುಕುತ್ತದೆ. ನನಗೆ ಬಿಡುವಾಗ ಯಾವುದೋ ತಂತಿ ಸಡಿಲಿಸುತ್ತಾನೆ, ತನಗೆ ಬೇಕಾದಾಗ ಬಿಗಿದುಕೊಳ್ಳುತ್ತಾನೆ. ಕಾರು ಮಾರಿಸಿ ಅವನಿಗೇನು ಲಾಭವೋ ಅದೊಂದು ಹೊಳೆಯುತ್ತಿಲ್ಲ.

ಮೀಟರ್: 1,18,471.

ಮಾರ್ಚ್ 16, ಭಾನುವಾರ

ಡೈನಮೋ ತನ್ನ ಮಲ್ಟಿಮೀಟರ್ ಕೊಟ್ಟಿದ್ದ. ಎಂಜಿನ್ ಓಡುತ್ತಿರುವಾಗ ಅದರ ಎರಡು ಮುಳ್ಳನ್ನು ಬ್ಯಾಟರಿಗೆ ಇಟ್ಟರೆ ಹದಿನಾಲ್ಕರ ಹತ್ತಿರ ತೋರಿಸಬೇಕಂತೆ. ಹನ್ನೆರಡಕ್ಕಿಂತ ಕೆಳಗೆ ಬಂದರೆ ಬ್ಯಾಟರಿಗೆ ಏನೂ ತುಂಬುತ್ತಿಲ್ಲ ಎಂದರ್ಥ. ಇಟ್ಟೆ. 13.8. ಸಮಾಧಾನವಾಯಿತು. ಅಷ್ಟರಲ್ಲಿ ಕರೆಯದೆ ಬಂದ ಭಾಮೈದ ಹೆಗಲ ಮೇಲಿಂದ ಬಗ್ಗಿ, "ಭಾವ, ಹನ್ನೊಂದು ಪಾಯಿಂಟ್ ಎಂಟು" ಎಂದ.

ಹದಿಮೂರನ್ನು ಹನ್ನೊಂದು ಮಾಡುವ ಕೈಚಳಕ ನಾನು ಎಷ್ಟು ಅಂಗಡಿಗಳಲ್ಲಿ ನೋಡಿಲ್ಲ! ಇವಳನ್ನು ಕರೆದೆ. ಇವಳು ಮೀಟರಿಗಿಂತ ಹೆಚ್ಚು ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, ಹನ್ನೊಂದು ಅಂತಲೇ ಕಾಣುತ್ತೆ ಎಂದಳು. ಒಂದೇ ಬಳ್ಳಿಯ ಕಾಯಿಗಳು, ಬೇರೆ ಏನು ಹೇಳಿಯಾರು? ಮೀಟರಿನ ಗಾಜು ಮಾಸಿದೆ, ವಾಪಸು ಕೊಡುವಾಗ ಡೈನಮೋನಿಗೆ ಹೇಳಬೇಕು.

ಸಂಜೆ ಬಾಲ್ಕನಿಯಲ್ಲಿ ಅಕ್ಕ ತಮ್ಮ ಪಿಸುಗುಟ್ಟುತ್ತಿದ್ದರು. ನಾನು ಹೋದೆ. ನಿಂತಿತು.

ಮಾರ್ಚ್ 19, ಬುಧವಾರ

ಅವರು ಹೇಳಿದ್ದೇ ನಿಜವಿದ್ದರೂ ಇರಲಿ ಎಂದು ಆಲ್ಟರ್ನೇಟರನ್ನೇ ಬಿಚ್ಚಿದೆ. ಈ ಕಾರಿನ ಒಂದೊಂದು ಬೋಲ್ಟೂ ನನ್ನ ಬೆರಳಿಗೆ ಗೊತ್ತು, ಕಣ್ಣು ಮುಚ್ಚಿಕೊಂಡು ಬಿಚ್ಚಬಲ್ಲೆ. ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಪಕ್ಕದ ಹೆಂಗಸು ಬಾಂಬೇನೋ ಎಂಬಂತೆ ಸರಿದು ಕೂತಳು.

ಡೈನಮೋ ಅದನ್ನು ಬೆಂಚಿಗೆ ಬಿಗಿದು, ತಂತಿ ಕೊಟ್ಟು ತಿರುಗಿಸಿದ. ಹದಿನಾಲ್ಕು ಪಾಯಿಂಟ್ ಎರಡು. ನನ್ನ ಮುಖದ ಮೇಲೆ ಗೆಲುವು ಕಂಡಿರಬೇಕು. ಅವನು ಕೈ ಒರೆಸಿಕೊಳ್ಳುತ್ತ, "ಸಾರ್, ನೀವು ಒಂದೊಂದೇ ತುಂಡು ತರ್ತಾ ಇದ್ರೆ ಎಲ್ಲಾ ತುಂಡೂ ಪಾಸಾಗುತ್ತೆ. ಫೇಲಾಗ್ತಿರೋದು ಕಾರು. ಅದನ್ನ ಮಾತ್ರ ನೀವು ತೋರಿಸ್ತಾ ಇಲ್ಲ" ಎಂದ.

ಅಂಗಡಿಯವನ ಮಾತು. ಕಾರು ಒಳಗೆ ಬಂದರೆ ತಾನೆ ಅವನಿಗೆ ಕೆಲಸ. ಕೆಂಪು ದೀಪ ಹತ್ತುವುದನ್ನು ನೀವೇ ನೋಡಿದ್ದೀರಾ ಎಂದು ಇನ್ನೊಮ್ಮೆ ಕೇಳಿದ. ನನಗೆ ಸಿಟ್ಟು ಬಂತು.

ಮಾರ್ಚ್ 20, ಗುರುವಾರ

ಆಲ್ಟರ್ನೇಟರ್ ಕೂಡಿಸಿದೆ. ಹನ್ನೊಂದು ದಿನ ಉಳಿದಿದೆ.

ಮಾರ್ಚ್ 23, ಭಾನುವಾರ

ಸರಕಾರದ ವಸ್ತು ಒಂದೇ ಒಂದು ನನ್ನ ಬಳಿ ಉಳಿದಿದೆ, ಮುದ್ರೆ ಒತ್ತುವ ಇಕ್ಕಳ. ಕದ್ದದ್ದಲ್ಲ, ಹಿಂತಿರುಗಿಸಲು ಮರೆತದ್ದು. ನಿನ್ನೆ ಅದಕ್ಕೆ ಕೆಲಸ ಬಂತು. ಕಾರಿನ ಮುಂದಿನ ಬಾಗಿಲ ಹಿಡಿಗೂ ಹಿಂದಿನದಕ್ಕೂ ತಂತಿ ಬಿಗಿದು, ಸೀಸದ ಗುಂಡು ಕೂಡಿಸಿ, ಮುದ್ರೆ ಒತ್ತಿದೆ. ಬಾಗಿಲು ತೆರೆದರೆ ಮುದ್ರೆ ಒಡೆಯಬೇಕು.

ಬೆಳಿಗ್ಗೆ ಮುದ್ರೆ ಹಾಗೇ ಇತ್ತು. ಆದರೆ ಇವಳು ಅದನ್ನು ನೋಡಿಬಿಟ್ಟಿದ್ದಳು. ಕಾಫಿ ಲೋಟ ನನ್ನ ಮುಂದೆ ಇಟ್ಟು, "ಇನ್ನು ನನಗೂ ಒಂದು ಒತ್ತಿಬಿಡಿ" ಎಂದಳು. ದನಿ ಎತ್ತರಿಸಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಇವಳು ಹಾಗೆ ಮಾತಾಡಿದ್ದು ನೆನಪಿಲ್ಲ. ನಾನು ಒತ್ತಿದ್ದು ಇವಳ ತಮ್ಮನಿಗೆ, ಇವಳೇಕೆ ತನಗೆಂದು ತಿಳಿದಳೋ. ಮುದ್ರೆ ಕಿತ್ತು ಹಾಕಿದೆ. ಇವಳ ಮಾತಿಗೆ ಹೆದರಿ ಅಲ್ಲ, ಬಲೆ ಬೀಸುವವನು ಬಾಗಿಲು ತೆರೆದೇ ಇಡಬೇಕು.

ಮಾರ್ಚ್ 25, ಮಂಗಳವಾರ

ಕಣ್ಣಾರೆ ಕಂಡೆ. ಲೈಬ್ರರಿಗೆ ಹೋಗುತ್ತೇನೆಂದು ಹೇಳಿ ಹೊರಟು, ನಮ್ಮ ರಸ್ತೆಯ ತಿರುವಿನ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಅರ್ಧ ಗಂಟೆಯಲ್ಲಿ ನನ್ನ ಕಾರಿನ ಸದ್ದು ಬಂತು. ಅದನ್ನು ಸಾವಿರ ಕಾರಿನ ನಡುವೆ ಗುರುತಿಸಬಲ್ಲೆ. ಆದರೆ ಎಂಥ ಸದ್ದು! ಒಂದನೇ ಗೇರಿನಲ್ಲೇ ಎಳೆದೆಳೆದು ಎಂಜಿನ್ ಗೋಳೋ ಎನ್ನುತ್ತಿತ್ತು. ಗೇರು ಬದಲಿಸುವಾಗ ಕರಕರ ಹಲ್ಲು ಕಡಿಯಿತು. ಒಳಗೆ ಇಬ್ಬರಿದ್ದರು. ಬಿಸಿಲು ಗಾಜಿಗೆ ಹೊಡೆದು ಮುಖಗಳು ಬೆಳ್ಳಗೆ ಕಲಸಿಹೋದವು. ಮುಖ ಬೇಕಿಲ್ಲ, ಓಡಿಸುವವನು ಯಾರೆಂದು ನನಗೆ ಗೊತ್ತಿಲ್ಲವೇ. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರು ಸುತ್ತುತ್ತಿದ್ದಾನೆ. ಇವಳು ಸೇರಿಕೊಂಡಿದ್ದಾಳೆ ಎನ್ನುವುದೇ ನನ್ನನ್ನು ಸುಟ್ಟಿತು.

ಸಂಜೆ ಅವನನ್ನು ಎದುರಿಗೆ ನಿಲ್ಲಿಸಿ, ನೀನು ಬೇರೆ ಮನೆ ನೋಡಿಕೋ ಎಂದೆ. ಏಕೆ ಎಂದು ಅವನು ಕೇಳಲಿಲ್ಲ. ಅಕ್ಕನ ಕಡೆ ನೋಡಿದ. ಅವಳು ಬೇಡ ಎನ್ನುವಂತೆ ತಲೆಯಾಡಿಸಿದಳು. "ಆಯ್ತು ಭಾವ, ತಿಂಗಳು ಮುಗೀಲಿ" ಎಂದು ಕೋಣೆಗೆ ಹೋದ. ಕಳ್ಳನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಡುಗೆಮನೆಯಲ್ಲಿ ಬಹಳ ಹೊತ್ತು ನಲ್ಲಿ ಸುರಿಯುತ್ತಿತ್ತು, ಪಾತ್ರೆ ತೊಳೆಯುವ ಸದ್ದು ಮಾತ್ರ ಇರಲಿಲ್ಲ.

ಮಾರ್ಚ್ 27, ಗುರುವಾರ

ಕಾರು ಸತ್ತಿದೆ. ಬ್ಯಾಟರಿ ಬಿಚ್ಚಿ ಚಾರ್ಜರ್‌ಗೆ ಹಚ್ಚಿದೆ.

ಮಾರ್ಚ್ 29, ಶನಿವಾರ

ಹೇಗೆ ಬರೆಯಲಿ? ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ವರದಿ ಬರೆದು ರೂಢಿಯಿದೆ.

ಹತ್ತು ಗಂಟೆಗೆ ಡೈನಮೋ ಪೆಟ್ಟಿಗೆ ಹಿಡಿದು ಮನೆಗೇ ಬಂದ. ಇವಳೇ ಫೋನು ಮಾಡಿ ಕರೆಸಿದ್ದಳು. ಚಾರ್ಜರ್ ಹಚ್ಚಿದ್ದ ಬ್ಯಾಟರಿಯನ್ನು ಕೂಡಿಸಿ ಬಾನೆಟ್ ಎತ್ತಿದ. ಕೀಲಿಯನ್ನು ಮಾತ್ರ ನಾನು ಕೊಡಲಿಲ್ಲ, ನಾನೇ ಸ್ಟೀರಿಂಗಿನ ಹಿಂದೆ ಕೂತೆ. ಭಾಮೈದ ಮೆಟ್ಟಿಲ ಮೇಲೆ ನಿಂತಿದ್ದ. ಇವಳು ನನ್ನ ಕಿಟಕಿಯ ಪಕ್ಕ ಇದ್ದಳು.

ಅರ್ಧ ತಿರುಗಿಸಿ ಸಾರ್, ಕೆಂಪು ದೀಪ ಹತ್ತಿತಾ ಎಂದು ಬಾನೆಟ್ಟಿನ ಆಚೆಯಿಂದ ಡೈನಮೋ ಕೇಳಿದ. ಹತ್ತಿದೆ ಎಂದೆ. ಅವನು ಆಲ್ಟರ್ನೇಟರಿನ ಸಣ್ಣ ತಂತಿಯೊಂದಕ್ಕೆ ಟೆಸ್ಟರ್ ಮುಟ್ಟಿಸಿದ. "ಹತ್ತೋಕೆ ಸಾಧ್ಯಾನೇ ಇಲ್ಲ ಸಾರ್. ಈ ತಂತೀಲಿ ಕರೆಂಟೇ ಇಲ್ಲ. ಸರಿಯಾಗಿ ನೋಡಿ ಹೇಳಿ."

ನೋಡಿದೆ. ಈ ಸಲ ನಿಜವಾಗಿ ನೋಡಿದೆ. ಮೀಟರಿನ ಗಾಜಿನ ಮೇಲೆ ಹಬೆ ಕಟ್ಟಿದಂತೆ ಬಿಳುಪು. ಬೆರಳಿನಿಂದ ಒರೆಸಿದೆ, ಹೋಗಲಿಲ್ಲ. ಆ ಬಿಳುಪಿನೊಳಗೆ ಕೆಂಪು ಇದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ತಿಳಿಯದು ಎನ್ನಲು ನಾಲಿಗೆ ಏಳಲಿಲ್ಲ. ಹತ್ತಿದೆ ಅಂದೆನಲ್ಲ ಎಂದು ಗದರಿದೆ.

ಇವಳು ಕಿಟಕಿಯೊಳಗೆ ಬಗ್ಗಿದಳು. "ಇಲ್ಲ ರೀ, ಹತ್ತಿಲ್ಲ. ನಾನು ಓಡಿಸೋದು ಕಲಿಯೋಕೆ ಶುರು ಮಾಡಿದಾಗಿಂದ ಅದು ಒಂದಿನಾನೂ ಹತ್ತಿಲ್ಲ. ಅದು ಹಾಗೇ ಇರೋದೇನೋ ಅಂದ್ಕೊಂಡಿದ್ದೆ."

ಡೈನಮೋ ತಲೆಯನ್ನು ಎಂಜಿನ್ನಿನೊಳಗೆ ಇನ್ನಷ್ಟು ಬಗ್ಗಿಸಿದ, ಒಳ್ಳೆಯವನು. ನಾನು ಕೀಲಿಯನ್ನು ಬಿಟ್ಟು ಕೆಳಗಿಳಿದೆ.

ಅವನು ಡ್ಯಾಶ್‌ಬೋರ್ಡು ಬಿಚ್ಚಿ ನನ್ನ ಬೆಳ್ಳನೆಯ ಬಲ್ಬೊಂದನ್ನು ಅಂಗೈ ಮೇಲೆ ತಂದು ತೋರಿಸಿದ. ಕೆಂಪು ದೀಪದ ಜಾಗದ್ದನ್ನು ನಾನು ತಿರುಗುಮುರುಗು ಕೂಡಿಸಿದ್ದೆ. ಅದರ ಮೈಮೇಲಿನ ಗುರುತು ಸಾಸಿವೆಗಿಂತ ಸಣ್ಣದು. ನೆಟ್ಟಗೆ ಕೂಡಿಸಿದ್ದರೂ ಪ್ರಯೋಜನವಿರಲಿಲ್ಲವಂತೆ. "ಈ ಹಳೇ ಕಾರಲ್ಲಿ ಆ ದೀಪ ಬರೀ ನೋಡೋಕಿರೋದಲ್ಲ ಸಾರ್. ಅದರೊಳಗಿಂದ ಹೋಗೋ ಕರೆಂಟೇ ಆಲ್ಟರ್ನೇಟರನ್ನ ಎಬ್ಬಿಸೋದು. ಈ ಹೊಸಾ ಬಲ್ಬು ಅಷ್ಟು ಕರೆಂಟು ಬಿಡಲ್ಲ. ಬೆಂಚಲ್ಲಿ ನಾನೇ ತಂತಿ ಕೊಟ್ಟು ಎಬ್ಬಿಸ್ತಿದ್ದೆ, ಅದಕ್ಕೇ ಪಾಸು." ಜೋರಾಗಿ ಎಳೆದರೆ ಆಲ್ಟರ್ನೇಟರ್ ಹೇಗೋ ತಾನಾಗಿ ಏಳುತ್ತದಂತೆ, ಮೆಲ್ಲಗೆ ಓಡಿಸಿದರೆ ಮಲಗೇ ಇರುತ್ತದಂತೆ. ಒಂದನೇ ಗೇರಿನಲ್ಲಿ ಗೋಳಾಡಿಸಿ ಇವಳು ಬ್ಯಾಟರಿ ತುಂಬುತ್ತಿದ್ದಳು. ಮೂವತ್ತರಲ್ಲಿ ತೆವಳಿ ನಾನು ಬರಿದು ಮಾಡುತ್ತಿದ್ದೆ.

ಅಳೆಯುವ ತಕ್ಕಡಿ ಬೇರೆ, ಅಳೆಸಿಕೊಳ್ಳುವ ಮಾಲು ಬೇರೆ ಎಂದು ಮೂವತ್ತೊಂದು ವರ್ಷ ನಂಬಿದ್ದೆ. ಇಲ್ಲಿ ತೋರಿಸುವ ದೀಪವೇ ಕೆಟ್ಟ ಭಾಗವಾಗಿತ್ತು. ಡೈನಮೋ ಪೆಟ್ಟಿಗೆಯಿಂದ ಹಳೆಯ ಹಳದಿ ಬಲ್ಬೊಂದನ್ನು ಹುಡುಕಿ ಕೂಡಿಸಿದ. ಕಾರು ಸರಿಹೋಯಿತು. ಮಾತಿನ ಪ್ರಕಾರ ಗೆದ್ದವನು ನಾನು. ನಾಚಿಕೆಯಿಂದ ಮಧ್ಯಾಹ್ನದ ಊಟಕ್ಕೆ ಏಳಲಾಗಲಿಲ್ಲ.

ಮಾರ್ಚ್ 31, ಸೋಮವಾರ

ನಿನ್ನೆ ಇಡೀ ದಿನ ಕೇಳಬೇಕೆಂದಿದ್ದು ಇವತ್ತು ಬಾಯಿಗೆ ಬಂತು. ನನ್ನ ಕಣ್ಣು ಹೀಗಾಗಿದೆ ಎಂದು ಯಾಕೆ ಹೇಳಲಿಲ್ಲ ಎಂದು ಇವಳನ್ನು ಕೇಳಿದೆ. ಹೇಳಿದ್ದರೆ ನಂಬುತ್ತಿದ್ದಿರಾ ಎಂದಳು. ನಾಲ್ಕು ತಿಂಗಳಿಂದ ನಾನು ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿ ಮುಟ್ಟಿ ನೋಡಿ ತೆಗೆಯುತ್ತಿದ್ದುದನ್ನು ನೋಡಿದ್ದಾಳೆ. ಅವತ್ತು ಸೈಕಲ್ಲಿನವನು ಎಲ್ಲಿಂದಲೂ ಉದುರಿರಲಿಲ್ಲವಂತೆ, ಐವತ್ತು ಅಡಿ ದೂರದಿಂದ ಕೈ ತೋರಿಸುತ್ತ ಬರುತ್ತಿದ್ದನಂತೆ. ಅದಾದ ಎರಡೇ ದಿನಕ್ಕೆ ಕಲಿಯಲು ಶುರುಮಾಡಿದಳು.

"ನನ್ನ ತಮ್ಮ ಮಾರಿ ಅಂದಿದ್ದು ನಿಮ್ಮ ಜೀವಕ್ಕೆ ಹೆದರಿ. ನನಗೆ ಹಾಗೆ ಹೇಳೋಕೂ ಮನಸ್ಸಾಗ್ಲಿಲ್ಲ. ಕಾರು ಹೋದ್ರೆ ನೀವು ಕಿಟಕಿ ಹತ್ರ ಕೂತು ಇಡೀ ಬೀದೀನ ಅನುಮಾನಿಸ್ತಾ ಮುದುಕರಾಗ್ತೀರಿ. ಅದಕ್ಕೇ ಕಲ್ತೆ. ನೀವು ಪಕ್ಕದಲ್ಲಿ ಕೂತಿದ್ರೆ ಕಲಿಯೋಕಾಗ್ತಿತ್ತಾ, ನೀವೇ ಹೇಳಿ."

ಕಲಿಯುವವರ ಲೈಸೆನ್ಸು ಮಾಡಿಸಿಕೊಂಡಿದ್ದಾಳಂತೆ, ಪರೀಕ್ಷೆ ಮುಂದಿನ ತಿಂಗಳಂತೆ. ಮೂರನೇ ಗೇರು ಇನ್ನೂ ಕಷ್ಟವಂತೆ.

ಭಾಮೈದನ ಕೋಣೆಗೆ ಹೋದೆ. ಅವನು ಕೆಲಸಕ್ಕೆ ಹೋಗಿದ್ದ. ಬಟ್ಟೆಯೆಲ್ಲ ತುಂಬಿದ ಅವನ ಚೀಲ ಮಂಚದ ಪಕ್ಕ ಸಿದ್ಧವಾಗಿತ್ತು. ತಪ್ಪಾಯಿತು ಎನ್ನುವ ಮಾತು ನನಗೆ ಸಲೀಸಾಗಿ ಬರುವುದಿಲ್ಲ. ಚೀಲದ ಹಿಡಿಯನ್ನು ಮಂಚದ ಕಾಲಿಗೆ ತಂತಿಯಿಂದ ಬಿಗಿದು, ಸೀಸದ ಗುಂಡು ಕೂಡಿಸಿ, ತಡವಿ ತಡವಿ ಮುದ್ರೆ ಒತ್ತಿ ಬಂದೆ. ಸಂಜೆ ಅವನು ಕೋಣೆಯಿಂದ ಹೊರಬಂದು ನನ್ನ ಪಕ್ಕ ಕೂತ. ಬಹಳ ಹೊತ್ತಾದ ಮೇಲೆ, ಭಾವ, ನಾಳೆಗೆ ಷರ್ಟು ಬೇಕಿತ್ತು ಎಂದ. ಇಬ್ಬರೂ ನಕ್ಕೆವು. ಇಕ್ಕಳವನ್ನು ಅವನ ಕೈಗೇ ಕೊಟ್ಟೆ.

ಏಪ್ರಿಲ್ 4, ಶುಕ್ರವಾರ

ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದೆವು. ಎರಡು ಕಣ್ಣಿಗೂ ಪೊರೆ ಬಂದು ಬಲಿತಿದೆ. ಒಂದೊಂದಾಗಿ ತೆಗೆಯುತ್ತಾರೆ, ಮೊದಲನೆಯದು ಮುಂದಿನ ವಾರ. ಎರಡನ್ನೂ ತಂದಿದ್ದೇನೆ, ಒಂದೊಂದೇ ಬಿಚ್ಚಿ ತರಲಿಲ್ಲ ಎಂದೆ. ಡಾಕ್ಟರಿಗೆ ಅರ್ಥವಾಗಲಿಲ್ಲ, ಇವಳಿಗೆ ನಗು ತಡೆಯಲಾಗಲಿಲ್ಲ.

ಹೋಗುವಾಗಲೂ ಬರುವಾಗಲೂ ಇವಳೇ ಓಡಿಸಿದ್ದು. ಪಕ್ಕದ ಸೀಟಿನಲ್ಲಿ ನಾನು ಹಿಂದೆ ಕೂತದ್ದೇ ಇರಲಿಲ್ಲ, ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇವಳು ಕೀಲಿಯನ್ನು ಅರ್ಧ ತಿರುಗಿಸಿ, ನಾನು ಕೇಳುವ ಮೊದಲೇ, "ಹತ್ತಿತು" ಎಂದಳು. ಎಂಜಿನ್ ಎದ್ದಿತು. "ಆರಿತು" ಎಂದಳು.

ಎರಡನೇ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ ಕರಕರ ಎಂದಿತು. ಬಾಗಿಲ ಹಿಡಿಯನ್ನು ಹಿಡಿದುಕೊಂಡಿದ್ದೆ, ಅರ್ಧ ದಾರಿಯಲ್ಲಿ ಬಿಟ್ಟೆ.

ಮೀಟರ್: ನೋಡಲಿಲ್ಲ.